ನೇಪಲ್ಸ್‌ನಲ್ಲಿ ಹಡಗಿಳಿದು ಪೊಂಪೇಗೆ: ಒಂದು ದಿನದ ಲೆಕ್ಕ

ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆ ಒಂದೇ. ಬಂದರಿನಲ್ಲಿ ಇಳಿದ ಮೇಲೆ ಹಡಗಿನವರ ಟೂರ್ ತಗೋಬೇಕಾ, ನಾವೇ ಸುತ್ತಿ ಬರಬಹುದಾ? ಎಲ್ಲ ಬಂದರಿಗೂ ಒಂದೇ ಉತ್ತರ ಇಲ್ಲ. ಇಟಲಿಯ ನೇಪಲ್ಸ್ ಆದರೆ ನನ್ನ ಉತ್ತರ ಖಚಿತ. ಅಲ್ಲಿಂದ ಪೊಂಪೇಗೆ, ಅಂದರೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಕಾಲದ ಊರಿಗೆ, ನೀವೇ ಹೋಗಿ. ಅರವತ್ತು ದಾಟಿದವರೂ ಹೋಗಬಹುದು, ಇಟಾಲಿಯನ್ ಒಂದಕ್ಷರ ಬಾರದವರೂ ಹೋಗಬಹುದು. ಸರಿಯಾದ ವೇಳಾಪಟ್ಟಿ ಒಂದು ಕೈಯಲ್ಲಿರಬೇಕು, ಅಷ್ಟೇ.

ವೇಳಾಪಟ್ಟಿಯ ವಿಷಯ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನ ಕೆಲಸ. ಹಾಸನದ ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು ನಾನು. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮಂಗಳೂರು ಕಡೆಯ ಬಸ್ಸುಗಳೆಲ್ಲ ಹೇಗೆ ಏರುಪೇರಾಗುತ್ತವೆ ಅಂತ ದಿನಾ ನೋಡಿದ್ದೇನೆ. ಕಾಗದದ ಮೇಲಿನ ರನ್ನಿಂಗ್ ಟೈಮ್ ಬೇರೆ, ರಸ್ತೆಯ ಮೇಲಿನದ್ದು ಬೇರೆ. ಮಗಳು ಮ್ಯೂನಿಕ್‌ನಲ್ಲಿ ನೆಲೆಸಿದ ಮೇಲೆ ನಾವಿಬ್ಬರೂ ಯುರೋಪ್ ಕಡೆ ಓಡಾಡಲು ಶುರು ಮಾಡಿದೆವು. ಆಗಲೂ ನನಗೆ ಕೈಹಿಡಿದದ್ದು ಇದೇ ಲೆಕ್ಕ. ಈಗ ನೆಂಟರಿಷ್ಟರು ಹೊರಟರೆ ಅವರಿಗೂ ಬರೆದು ಕೊಡುತ್ತೇನೆ.

ಮೊದಲು ಹಡಗು ನಿಲ್ಲುವ ಜಾಗ ನೋಡಿ

ಕ್ರೂಸ್ ಪುಸ್ತಿಕೆಯಲ್ಲಿ "ರೋಮ್" ಅಂತ ಇರುತ್ತದೆ. ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. "ಫ್ಲಾರೆನ್ಸ್" ಅಂದರೆ ಲಿವೊರ್ನೊ ಅಥವಾ ಲಾ ಸ್ಪೆಜಿಯಾ. "ಅಥೆನ್ಸ್" ಅಂದರೆ ಪಿರೇಯಸ್. ಪಿರೇಯಸ್‌ನಿಂದ ಮೆಟ್ರೋ ಇದೆ, ಸುಲಭ. ಚಿವಿಟಾವೆಕ್ಕಿಯಾದಿಂದ ರೈಲಿದೆ, ಆದರೆ ಹಡಗಿನಿಂದ ಬಂದರಿನ ಗೇಟ್‌ಗೆ ಒಂದು ಬಸ್ಸು, ಅಲ್ಲಿಂದ ಸ್ಟೇಷನ್‌ಗೆ ಇನ್ನೊಂದು ಬಸ್ಸು ಅಥವಾ ನಡಿಗೆ. ಲಿವೊರ್ನೊದಲ್ಲಿ ಸರಕು ಬಂದರಿನೊಳಗೆ ನಡೆಯಲು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೊರಬರಬೇಕು. ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೇ ಬರುವುದಿಲ್ಲ. ಸಮುದ್ರದಲ್ಲೇ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಟೂರ್ ತೆಗೆದುಕೊಂಡವರನ್ನು ಮೊದಲು ಬಿಡುವುದರಿಂದ ಉಳಿದವರು ಕಾಯಬೇಕಾಗುತ್ತದೆ.

ನೇಪಲ್ಸ್‌ನಲ್ಲಿ ಈ ಯಾವ ತೊಂದರೆಯೂ ಇಲ್ಲ. ಕ್ರೂಸ್ ಟರ್ಮಿನಲ್ ಊರಿನ ನಡುವೆಯೇ ಇದೆ. ಹೊರಗೆ ಬಂದರೆ ಎದುರಿಗೇ ಕಾಸ್ಟೆಲ್ ನುವೋವೊ ಅನ್ನುವ ದೊಡ್ಡ ಕೋಟೆ ಕಾಣುತ್ತದೆ. ದಪ್ಪ ದಪ್ಪ ಗುಂಡು ಬುರುಜುಗಳು, ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅದರ ಪಕ್ಕದ ಚೌಕದಲ್ಲಿ ಮುನಿಚಿಪಿಯೊ ಮೆಟ್ರೋ ಸ್ಟೇಷನ್. ಆರಾಮಾಗಿ ನಡೆದರೂ ಹತ್ತು ನಿಮಿಷ.

ಸಂಜೆಯಿಂದ ಬೆಳಗಿನ ಕಡೆಗೆ ಲೆಕ್ಕ ಹಾಕಿ

ಹಡಗಿನವರ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವು ತಡವಾದರೆ ಕಾಯುವುದಿಲ್ಲ. ಸ್ವಂತವಾಗಿ ಹೋಗುವವರು ಅರಗಿಸಿಕೊಳ್ಳಬೇಕಾದ ಸತ್ಯ ಇದೊಂದೇ. ಹಾಗಾಗಿ ಎಲ್ಲರೂ ಮಾಡುವಂತೆ ಬೆಳಗ್ಗೆಯಿಂದ ಶುರು ಮಾಡಿ "ಆಮೇಲೆ ಇಲ್ಲಿ, ಆಮೇಲೆ ಅಲ್ಲಿ" ಅಂತ ಪಟ್ಟಿ ಬೆಳೆಸಬೇಡಿ. ವಾಪಸ್ ಬರುವ ಹೊತ್ತನ್ನು ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ.

ಒಂದು ಉದಾಹರಣೆ ಕೊಡುತ್ತೇನೆ. ಹಡಗು ಬೆಳಗ್ಗೆ 7ಕ್ಕೆ ಬಂದು ಸಂಜೆ 6:30ಕ್ಕೆ ಹೊರಡುತ್ತದೆ ಅಂತ ಇಟ್ಟುಕೊಳ್ಳಿ. 6:30 ನಿಮ್ಮ ಸಮಯವಲ್ಲ. ಎಲ್ಲರೂ ಹತ್ತಿರಬೇಕಾದ ಸಮಯ ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಗಂಟೆ ಮುಂಚೆ, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮುಂಚೆ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನದ ಪತ್ರಿಕೆಯಲ್ಲಿ ಅದು ಅಚ್ಚಾಗಿರುತ್ತದೆ. ಸಂಜೆ 6 ಅಂತ ಹಿಡಿಯೋಣ. ನನ್ನ ಗಡುವು ಅದಕ್ಕೂ ಒಂದೂವರೆ ಗಂಟೆ ಹಿಂದೆ. ಅಂದರೆ 4:30ಕ್ಕೆ ನಾನು ಕೋಟೆಯ ಎದುರು ನಿಂತಿರಬೇಕು. ಅದಕ್ಕೆ 3:45ರ ಒಳಗೆ ಗರಿಬಾಲ್ಡಿ ಸ್ಟೇಷನ್‌ನಲ್ಲಿ ಇಳಿದಿರಬೇಕು. ಪೊಂಪೇಯಿಂದ ಗರಿಬಾಲ್ಡಿಗೆ ರೈಲು 35-40 ನಿಮಿಷ. ರೈಲು ಸುಮಾರು ಅರ್ಧ ಗಂಟೆಗೊಂದು ಇರುತ್ತದೆ. ಒಂದು ರೈಲು ರದ್ದಾಗುತ್ತದೆ ಅಂತಲೇ ಲೆಕ್ಕ ಹಿಡಿದು 2:15ಕ್ಕೆ ಪೊಂಪೇ ಪ್ಲಾಟ್‌ಫಾರಂ ಮೇಲೆ ಇರುತ್ತೇನೆ. ಹಾಗಾದರೆ 1:30ಕ್ಕೆ ಅವಶೇಷಗಳಿಂದ ಹೊರಗೆ. ಬೆಳಗ್ಗೆ 9 ಗಂಟೆಗೆ ಬಾಗಿಲು ತೆರೆಯುತ್ತದೆ. 8ಕ್ಕೆ ಹಡಗು ಇಳಿದರೆ 9:15ರ ಹೊತ್ತಿಗೆ ಒಳಗಿರಬಹುದು.

ಈಗ ನೋಡಿ, ಹನ್ನೊಂದೂವರೆ ಗಂಟೆಯ ದಿನದಲ್ಲಿ ನಿಜವಾಗಿ ನೋಡುವುದಕ್ಕೆ ಸಿಕ್ಕಿದ್ದು ನಾಲ್ಕು ಗಂಟೆ. ಕಮ್ಮಿ ಅನಿಸುತ್ತದೆ ಅಲ್ವಾ? ಆದರೆ ಹೆಚ್ಚಿನ ಗುಂಪು ಟೂರ್‌ಗಳಲ್ಲಿ ಪೊಂಪೇಗೆ ಸಿಗುವುದು ಎರಡೇ ಗಂಟೆ. ಉಳಿದದ್ದು ಬಸ್ಸು ಹತ್ತಿಸುವುದು, ತಲೆ ಎಣಿಸುವುದು, ದಾರಿಯಲ್ಲಿ ಹವಳದ ಒಡವೆ ಅಂಗಡಿಗೆ ನುಗ್ಗಿಸುವುದು. ನಿಮ್ಮ ನಾಲ್ಕು ಗಂಟೆ ಪೂರ್ತಿ ನಿಮ್ಮದೇ.

ಇನ್ನೊಂದು ಸಂಗತಿ. ಹಡಗಿನ ಗಡಿಯಾರವೂ ದಡದ ಗಡಿಯಾರವೂ ಕೆಲವೊಮ್ಮೆ ಬೇರೆ ಇರುತ್ತವೆ. ಗ್ರೀಸ್‌ನಿಂದ ಇಟಲಿಗೆ ಬಂದರೆ ಒಂದು ಗಂಟೆ ವ್ಯತ್ಯಾಸ. ಫೋನ್ ತಾನಾಗಿ ದಡದ ಸಮಯಕ್ಕೆ ಬದಲಾಗುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಒಂದು ಇರಲಿ. ಇಳಿಯುವ ಬಾಗಿಲಲ್ಲಿ ಹಡಗಿನ ಸಮಯ ಬರೆದಿರುತ್ತಾರೆ, ಅದರ ಫೋಟೋ ತೆಗೆದುಕೊಳ್ಳಿ.

ಮನೆಯಿಂದಲೇ ಮಾಡಿಕೊಳ್ಳಬೇಕಾದ್ದು

ವೀಸಾ ಮೊದಲು. ಇಟಲಿ, ಫ್ರಾನ್ಸ್, ಸ್ಪೇನ್ ಮಾತ್ರ ಸುತ್ತುವ ಹಡಗಾದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಿಗುವ ವೀಸಾ) ಒಂದು ಪ್ರವೇಶದ್ದಾದರೂ ನಡೆಯುತ್ತದೆ. ಅದೇ ಹಡಗು ಮಧ್ಯೆ ಟರ್ಕಿಗೋ ಟ್ಯುನೀಷಿಯಾಕ್ಕೋ ಹೋಗಿ ಮತ್ತೆ ಇಟಲಿಗೆ ಬರುವುದಾದರೆ ಹಲವು ಪ್ರವೇಶದ ವೀಸಾ ಬೇಕು. ಬುಕ್ ಮಾಡುವ ದಿನವೇ ಮಾರ್ಗದ ನಕ್ಷೆ ಮುಂದಿಟ್ಟುಕೊಂಡು ಇದನ್ನು ನೋಡಿ.

ಪೊಂಪೇ ಟಿಕೆಟ್ ಮುಂಚೆಯೇ ಅಧಿಕೃತ ವೆಬ್‌ಸೈಟ್‌ನಲ್ಲಿ ತೆಗೆದುಕೊಳ್ಳಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ ಅಂತ ಮಿತಿ ಹಾಕಿದ್ದಾರೆ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಗುರುತಿನ ಪತ್ರ ಕೇಳಬಹುದು. ಕೆಲವು ಹಡಗುಗಳು ಪಾಸ್‌ಪೋರ್ಟ್ ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಹಾಗಿದ್ದರೆ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್ ಜೊತೆಗಿರಲಿ. ನಿಮ್ಮ ಕೈಯಲ್ಲೇ ಇದ್ದರೆ ಒಳಜೇಬಿನಲ್ಲಿರಲಿ. ಹಡಗಿನ ಕಾರ್ಡ್ ಅಂತೂ ಬೇಕೇ ಬೇಕು, ಅದಿಲ್ಲದೆ ವಾಪಸ್ ಹತ್ತಲು ಆಗುವುದಿಲ್ಲ.

ನಿಮ್ಮ ದಿನ ಯಾವ ವಾರ ಬರುತ್ತದೆ ನೋಡಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ, ಅವಶೇಷಗಳಿಗೆಲ್ಲ ಪ್ರವೇಶ ಉಚಿತ. ಉಚಿತ ಅಂತ ಖುಷಿಪಡಬೇಡಿ, ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ಮೇ 1ರಂದು ಪೊಂಪೇ ಮುಚ್ಚಿರುತ್ತದೆ. ಹೊರಡುವ ವಾರದಲ್ಲಿ "ಶೋಪೆರೊ" ಇದೆಯಾ ಅಂತಲೂ ಹುಡುಕಿ. ಅದು ಮುಷ್ಕರ. ಇಟಲಿಯಲ್ಲಿ ಸಾರಿಗೆ ಮುಷ್ಕರ ಆಗಾಗ ಆಗುತ್ತದೆ, ಆದರೆ ದಿನಾಂಕ ಮುಂಚೆಯೇ ಪ್ರಕಟವಾಗುತ್ತದೆ. ಬಸ್ ನಿಲ್ದಾಣದಲ್ಲಿ ಮುಷ್ಕರದ ದಿನಗಳನ್ನು ಕಂಡವನು ನಾನು. ಅಂಥ ದಿನ ಸಾಹಸ ಬೇಡ. ಊರೊಳಗೇ ಉಳಿಯಿರಿ.

ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ. ನಮ್ಮ ಕಾರ್ಡುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು. ಆಗ ಮೆಟ್ರೋ ಗೇಟ್‌ನಲ್ಲಿ ಕಾರ್ಡ್ ತೋರಿಸಿದರೆ ಸಾಕು. ಆದರೂ ಐದು, ಹತ್ತು ಯೂರೋ ನೋಟು ಕೆಲವು ಇರಲಿ. ನೇಪಲ್ಸ್‌ನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಹಡಗಿನಲ್ಲಿರುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಸಮುದ್ರದ ಮೇಲಿನ ನೆಟ್‌ವರ್ಕ್ ಹಿಡಿದುಬಿಟ್ಟರೆ ಬಿಲ್ ಎದೆ ಒಡೆಯುವಂತೆ ಬರುತ್ತದೆ.

ಹಡಗಿನಿಂದ ಪೊಂಪೇ ತನಕ

ಟರ್ಮಿನಲ್ ಬಾಗಿಲಲ್ಲಿ ಟ್ಯಾಕ್ಸಿಯವರು, ಟೂರ್ ಮಾರುವವರು ಸುತ್ತುವರಿಯುತ್ತಾರೆ. "ನೋ ಗ್ರಾತ್ಸಿಯೆ" ಅಂದು ನಗುತ್ತಾ ಮುಂದೆ ನಡೆಯಿರಿ. ನಿಲ್ಲಬೇಡಿ. ಮುನಿಚಿಪಿಯೊದಲ್ಲಿ ಮೆಟ್ರೋ ಒಂದನೇ ಲೈನ್ ಹತ್ತಿ, ಗರಿಬಾಲ್ಡಿ ಕಡೆ ಹೋಗುವ ಗಾಡಿ. ಊನಿವೆರ್ಸಿತಾ, ದುವೊಮೊ, ಆಮೇಲೆ ಗರಿಬಾಲ್ಡಿ. ಮೂರನೇ ನಿಲ್ದಾಣದಲ್ಲಿ ಇಳಿಯುವುದು.

ಗರಿಬಾಲ್ಡಿ ಅಂದರೆ ನೇಪಲ್ಸ್‌ನ ದೊಡ್ಡ ರೈಲು ನಿಲ್ದಾಣದ ಜಾಗ. ಪೊಂಪೇಗೆ ಹೋಗುವ ಲೋಕಲ್ ರೈಲಿನ ಹೆಸರು ಚಿರ್ಕುಮ್‌ವೆಸುವಿಯಾನಾ. ವೆಸುವಿಯಸ್ ಬೆಟ್ಟದ ಬುಡದಲ್ಲಿ ಸುತ್ತಿ ಹೋಗುವ ಗಾಡಿ. ನೆಲಮಹಡಿಯ ಕೆಳಗೆ ಅದಕ್ಕೇ ಬೇರೆ ಟಿಕೆಟ್ ಕೌಂಟರ್, ಬೇರೆ ಪ್ಲಾಟ್‌ಫಾರಂ. ಬೋರ್ಡ್ ನೋಡಿಕೊಂಡು ಇಳಿಯಿರಿ. ಸೊರೆಂಟೊ ಕಡೆಗೆ ಹೋಗುವ ರೈಲೇ ಬೇಕು. ಇಳಿಯುವ ಸ್ಟೇಷನ್ "ಪೊಂಪೇಯಿ ಸ್ಕಾವಿ, ವಿಲ್ಲಾ ದೇಯಿ ಮಿಸ್ತೇರಿ". ಇದನ್ನು ಇಂಗ್ಲಿಷಿನಲ್ಲಿ ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ. ಯಾಕೆಂದರೆ ಪೊಂಪೇ ಹೆಸರಿನ ಸ್ಟೇಷನ್ ಇನ್ನೂ ಇವೆ. ಪೊಜ್ಜೊಮರೀನೊ ಕಡೆಗೆ ಹೋಗುವ ಗಾಡಿ ಪೊಂಪೇ ಸಾಂಟುವಾರಿಯೊ ಅನ್ನುವ ಬೇರೆ ನಿಲ್ದಾಣಕ್ಕೆ ಹೋಗುತ್ತದೆ. ಅದು ಈಗಿನ ಪೊಂಪೇ ಊರಿನ ಕಡೆ. ಅಲ್ಲಿ ಇಳಿದರೂ ನಡೆದು ಹೋಗಬಹುದು, ಆದರೆ ಸುಮ್ನೆ ಗಲಿಬಿಲಿ.

ಈ ರೈಲಿನ ಬಗ್ಗೆ ಬಣ್ಣ ಹಚ್ಚಿ ಹೇಳುವುದಿಲ್ಲ. ಹಳೇ ಗಾಡಿಗಳು ಜಾಸ್ತಿ, ಬೇಸಿಗೆಯಲ್ಲಿ ಸೆಕೆ, ಬೆಳಗ್ಗೆ ನೂಕುನುಗ್ಗಲು. ಕೂರಲು ಸೀಟು ಬೇಕೇ ಬೇಕು ಅನ್ನುವವರು ಗರಿಬಾಲ್ಡಿಯ ಬದಲು ಪೋರ್ತಾ ನೊಲಾನಾಗೆ ಹೋಗಿ. ರೈಲು ಹೊರಡುವುದೇ ಅಲ್ಲಿಂದ, ಗರಿಬಾಲ್ಡಿ ಅದರ ಮುಂದಿನ ನಿಲ್ದಾಣ. ಬಂದರಿನಿಂದ ನಡೆದರೆ ಇಪ್ಪತ್ತೈದು ನಿಮಿಷ. ಪ್ರವಾಸಿಗರಿಗೆ ಅಂತಲೇ ಕಂಪಾನಿಯಾ ಎಕ್ಸ್‌ಪ್ರೆಸ್ ಅನ್ನುವ ರೈಲೂ ಇದೆ. ಅದು ಸೀಸನ್‌ನಲ್ಲಿ ಮಾತ್ರ, ದರ ಜಾಸ್ತಿ, ದಿನಕ್ಕೆ ಕೆಲವೇ ಟ್ರಿಪ್. ಆದರೆ ಸೀಟು ಕಾದಿರಿಸಬಹುದು, ನಿಲ್ಲುವ ಸ್ಟೇಷನ್ ಕಮ್ಮಿ. ಸಮಯ ಹೊಂದಿದರೆ ವಯಸ್ಸಾದವರಿಗೆ ಅದೇ ಸರಿ.

ಜೇಬುಗಳ್ಳರು ಇದ್ದಾರೆ. ವ್ಯಾನಿಟಿ ಬ್ಯಾಗ್ ಎದೆಯ ಮುಂದೆ ಇರಲಿ, ಪರ್ಸ್ ಹಿಂದಿನ ಜೇಬಿನಲ್ಲಿ ಬೇಡ. ಹೆಂಗಸರು ಬಳೆ, ಸರಗಳನ್ನು ಕ್ಯಾಬಿನ್ ಲಾಕರ್‌ನಲ್ಲೇ ಬಿಡುವುದು ಒಳ್ಳೆಯದು. ನನ್ನ ಹೆಂಡತಿ ಮಾಂಗಲ್ಯವನ್ನು ಕುತ್ತಿಗೆ ತನಕ ಗುಂಡಿ ಇರುವ ಕುರ್ತಾ ಒಳಗೆ ಹಾಕಿಕೊಳ್ಳುತ್ತಾಳೆ. ಅಷ್ಟು ಎಚ್ಚರ ಸಾಕು. ಇದೇ ಗಾಡಿಯಲ್ಲಿ ಶಾಲೆ ಮಕ್ಕಳು, ಸಂತೆಗೆ ಹೋಗುವ ಅಜ್ಜಿಯರು ದಿನಾ ಓಡಾಡುತ್ತಾರೆ. ಹೆದರುವಂಥದ್ದೇನೂ ಇಲ್ಲ.

ಒಳಗೆ ಹೋದ ಮೇಲೆ

ಸ್ಟೇಷನ್‌ನಿಂದ ಪೋರ್ತಾ ಮರೀನಾ ಬಾಗಿಲು ಕೂಗಳತೆಯ ದೂರ. ದಾರಿಯಲ್ಲಿ "ಟಿಕೆಟ್ ಆಫೀಸ್ ಇಲ್ಲೇ" ಅಂತ ಕರೆಯುವವರು ಟೂರ್ ಮಾರುವವರು. ನಿಮ್ಮ ಕೈಯಲ್ಲಿ ಟಿಕೆಟ್ ಇದೆಯಲ್ಲ, ನೇರ ನಡೆಯಿರಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. 30 ಸೆಂಟಿಮೀಟರ್ ಉದ್ದಗಲದ ಒಳಗಿನ ಚಿಕ್ಕ ಚೀಲ ಸಾಕು. ನಕ್ಷೆ ತಪ್ಪದೆ ತೆಗೆದುಕೊಳ್ಳಿ.

ಪೊಂಪೇ ಸುಮಾರು 66 ಹೆಕ್ಟೇರ್ ಇದೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಇನ್ನೂ ಅಗೆದೇ ಇಲ್ಲ. ಇಡೀ ಊರು ನೋಡುತ್ತೇನೆ ಅಂತ ಹೊರಟರೆ ಕಾಲು ಸೋಲುತ್ತದೆ, ಮನಸ್ಸಿಗೆ ಏನೂ ಇಳಿಯುವುದಿಲ್ಲ. ನಾನು ಹೇಳುವ ದಾರಿ ಹೀಗೆ. ಬಾಗಿಲಿನಿಂದ ಏರು ಹತ್ತಿ ಫೋರಂಗೆ ಹೋಗಿ. ಅದು ಊರಿನ ದೊಡ್ಡ ಚೌಕ. ಕಂಬಗಳ ಹಿಂದೆ ವೆಸುವಿಯಸ್ ಕಾಣುತ್ತದೆ. ಕ್ರಿ.ಶ. 79ರಲ್ಲಿ ಸಿಡಿದದ್ದು ಅದೇ ಬೆಟ್ಟ, ಕೊನೆಯ ಸಲ ಸಿಡಿದದ್ದು 1944ರಲ್ಲಿ. ಅಲ್ಲಿಂದ ವೆತ್ತಿಯವರ ಮನೆ. ದುಡ್ಡಿದ್ದವರ ಮನೆ, ಕೆಂಪು ಹಿನ್ನೆಲೆಯ ಗೋಡೆಚಿತ್ರಗಳು. ಬಹಳ ವರ್ಷ ಮುಚ್ಚಿದ್ದು 2023ರ ಜನವರಿಯಲ್ಲಿ ಮತ್ತೆ ತೆರೆಯಿತು. ಈ ಮನೆಯಲ್ಲಿ ಒಂದು ಗೋಡೆಗೆ ಅಂಟಿಕೊಂಡಂತೆ ಪುಟ್ಟ ಗುಡಿ ಇದೆ, ಕೆಳಗೆ ಹಾವಿನ ಚಿತ್ರ. ಮನೆದೇವರಿಗೆ ಅಂತ ಮಾಡಿದ್ದು. ನಮ್ಮ ಹಳೇ ಮನೆಗಳ ದೇವರಗೂಡು ಇದ್ದಹಾಗೇ ಇದೆ. ಹಾವಿನ ಮುಂದೆ ನಿಂತು ನನ್ನ ಹೆಂಡತಿ ಕೈಮುಗಿದಳು.

ಅಲ್ಲಿಂದ ರೊಟ್ಟಿ ಭಟ್ಟಿ ನೋಡಿ. ಎದೆಯೆತ್ತರದ ಕಪ್ಪು ಬೀಸುಕಲ್ಲುಗಳು, ಪಕ್ಕದಲ್ಲೇ ಒಲೆ. ಆಮೇಲೆ ಥರ್ಮೊಪೋಲಿಯಂ ಅನ್ನುವ ಊಟದಂಗಡಿ. ಇದನ್ನು ಅಗೆದು ತೆಗೆದದ್ದು ಇತ್ತೀಚೆಗೆ, 2021ರಲ್ಲಿ ಜನರಿಗೆ ತೆರೆದರು. ಕೌಂಟರ್ ಮೇಲೆ ಕೋಳಿ, ಬಾತುಗಳ ಚಿತ್ರ, ಬಣ್ಣ ಇನ್ನೂ ಹೊಸದಾಗಿದೆ. ಕೌಂಟರ್‌ನಲ್ಲಿ ಮಡಕೆ ಕೂರಿಸುವ ಗುಂಡಿಗಳು. ಅಲ್ಲಿಂದ ದಕ್ಷಿಣಕ್ಕೆ ನಡೆದು ಬಂದರೆ ದೊಡ್ಡ ರಸ್ತೆ ವಿಯಾ ದೆಲ್ಲಬ್ಬೊಂದಾಂತ್ಸಾ. ಎರಡೂ ಕಡೆ ಅಂಗಡಿಗಳ ಸಾಲು. ಶಕ್ತಿ ಉಳಿದಿದ್ದರೆ ಈ ರಸ್ತೆ ಹಿಡಿದು ಕೊನೆಯ ತನಕ ಹೋದರೆ ಆಂಫಿಥಿಯೇಟರ್ ಸಿಗುತ್ತದೆ. ಕ್ರಿ.ಪೂ. 70ರ ಸುಮಾರಿನದು. ಕಲ್ಲಿನಲ್ಲಿ ಕಟ್ಟಿ ಇಂದಿಗೂ ಉಳಿದಿರುವವುಗಳಲ್ಲಿ ಅತಿ ಹಳೆಯದು. ಅದರ ಹತ್ತಿರವೇ ಓಡಿಹೋಗುವಾಗ ಸತ್ತವರ ಅಚ್ಚುಗಳಿವೆ, 13 ಜನ, ಮಕ್ಕಳೂ ಸೇರಿ. ದೇಹ ಕರಗಿ ಬೂದಿಯಲ್ಲಿ ಉಳಿದ ಪೊಳ್ಳಿನೊಳಗೆ ಪ್ಲಾಸ್ಟರ್ ತುಂಬಿ ಅಚ್ಚು ತೆಗೆಯುವ ವಿಧಾನವನ್ನು 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಶುರು ಮಾಡಿದರು. ಎಲ್ಲರೂ ಫೋಟೋ ತೆಗೆಯುತ್ತಾರೆ. ನನಗೆ ತೆಗೆಯಬೇಕು ಅನಿಸಲಿಲ್ಲ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ರಸ್ತೆಗಳು. ದೊಡ್ಡ ಕಪ್ಪು ಕಲ್ಲು ಹಾಸಿದ ಬೀದಿ, ಅದರಲ್ಲಿ ಗಾಡಿಚಕ್ರ ಉಜ್ಜಿ ಉಜ್ಜಿ ಆದ ಆಳದ ಗೀರು. ಬೀದಿ ದಾಟುವುದಕ್ಕೆ ನಡುವೆ ಎತ್ತರದ ಕಲ್ಲುಗಳು, ಮಳೆನೀರು, ಕೊಳಚೆ ಕಾಲಿಗೆ ತಾಗದಂತೆ. ಕಲ್ಲುಗಳ ನಡುವೆ ಗಾಡಿಚಕ್ರ ಹೋಗುವಷ್ಟೇ ಸಂದು. ಅಂಚುಕಲ್ಲುಗಳು ಯಾವ ಕಡೆ ಸವೆದಿವೆ ಅಂತ ಅಳೆದು, ಇಲ್ಲಿ ಕೆಲವು ಬೀದಿಗಳು ಒನ್-ವೇ ಆಗಿದ್ದವು ಎಂದು ಸಂಶೋಧಕರು ತೋರಿಸಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಇಲ್ಲಿ ಗಾಡಿಗಳನ್ನು ಯಾವ ಬೀದಿಗೆ ಬಿಡಬೇಕು ಅಂತ ಯೋಚಿಸಿದ್ದಾನೆ. ನನ್ನ ಜನ್ಮದ ಕೆಲಸವೇ ಅದಾಗಿತ್ತು. ಅಲ್ಲಿ ಎಷ್ಟು ಹೊತ್ತು ನಿಂತರೂ ಸಾಲಲಿಲ್ಲ. ನೀವು ಮೇಷ್ಟ್ರಾಗಿದ್ದರೆ, ಅಡುಗೆಯವರಾಗಿದ್ದರೆ, ನಿಮಗೂ ಇಲ್ಲಿ ನಿಮ್ಮದೇ ಒಂದು ಮೂಲೆ ಸಿಗುತ್ತದೆ. ಅದಕ್ಕೇ ಪಟ್ಟಿ ಚಿಕ್ಕದಿರಲಿ ಅನ್ನುವುದು.

ಕಾಲಿಗೆ ಗಟ್ಟಿ ಶೂ ಹಾಕಿ. ಚಪ್ಪಲಿಯಲ್ಲಿ ಈ ಕಲ್ಲುಗಳ ಮೇಲೆ ಪಾದ ಹೊರಳುತ್ತದೆ. ಸೀರೆ ಉಡುವವರು ಸ್ವಲ್ಪ ಎತ್ತರಕ್ಕೆ ಉಟ್ಟು ಶೂ ಹಾಕಿದರೆ ಏನೂ ತೊಂದರೆ ಇಲ್ಲ. ನೆರಳು ಬಹಳ ಕಮ್ಮಿ, ಜುಲೈ-ಆಗಸ್ಟ್‌ನಲ್ಲಿ ಟೋಪಿ, ಛತ್ರಿ ಎರಡೂ ಬೇಕು. ನೀರಿನ ಬಾಟಲಿ ಒಂದು ಸಾಕು, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ, ತುಂಬಿಸಿಕೊಳ್ಳಬಹುದು.

ಮೊಣಕಾಲು ನೋವಿದ್ದರೆ ಎರ್ಕೊಲಾನೊ

ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಪೊಂಪೇ ಬಿಟ್ಟು ಹರ್ಕ್ಯುಲೇನಿಯಂ (ಈಗಿನ ಹೆಸರು ಎರ್ಕೊಲಾನೊ) ಹೇಳುತ್ತೇನೆ. ಅದೂ ಅದೇ ಸ್ಫೋಟದಲ್ಲಿ ಹೂತುಹೋದ ಊರು. ಅದೇ ರೈಲು, ಎರ್ಕೊಲಾನೊ ಸ್ಕಾವಿ ಅನ್ನುವ ಸ್ಟೇಷನ್, ಇಪ್ಪತ್ತು ನಿಮಿಷದಲ್ಲೇ ಬರುತ್ತದೆ. ಅಲ್ಲಿಂದ ನೇರ ಇಳಿಜಾರು ರಸ್ತೆ, ಹತ್ತು ನಿಮಿಷ. ಬರುವಾಗ ಅದೇ ರಸ್ತೆ ಏರು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಈ ಊರು ಚಿಕ್ಕದು, ಎರಡು ಗಂಟೆಯಲ್ಲಿ ಚೆನ್ನಾಗಿ ನೋಡಬಹುದು. ಪೊಂಪೇಯಲ್ಲಿ ಚಾವಣಿಗಳು ಕುಸಿದು ಹೋದವು. ಇಲ್ಲಿ ಬಿಸಿ ಬೂದಿ ಆಳವಾಗಿ ತುಂಬಿ ಗಟ್ಟಿಯಾದ್ದರಿಂದ ಮಹಡಿಗಳು, ಸುಟ್ಟು ಇದ್ದಿಲಾದ ಮರದ ತೊಲೆ, ಬಾಗಿಲು ಕೂಡ ಉಳಿದಿವೆ. ಹಳೆಯ ಸಮುದ್ರದ ದಡದಲ್ಲಿ ದೋಣಿಮನೆಗಳಿವೆ. ಅಲ್ಲಿ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕಿವೆ. ದೋಣಿಗಾಗಿ ಕಾಯುತ್ತಿದ್ದವರು.

ನಡೆದಾಡುವುದೇ ಕಷ್ಟ ಅನ್ನುವವರು ಹಡಗಿನವರ ಟೂರ್ ತೆಗೆದುಕೊಳ್ಳಿ, ಸಂಕೋಚ ಬೇಡ. ಹಡಗು ಏಳು ಗಂಟೆಗಿಂತ ಕಮ್ಮಿ ನಿಲ್ಲುವ ದಿನವೂ ಅಷ್ಟೇ.

ಊಟ

ಸಸ್ಯಾಹಾರಿಗಳಿಗೆ ನೇಪಲ್ಸ್ ಒಳ್ಳೆಯ ಊರು. ಪಿಜ್ಜಾ ಹುಟ್ಟಿದ್ದೇ ಇಲ್ಲಿ. ಮಾರ್ಗರೀಟಾದಲ್ಲಿ ಟೊಮೆಟೊ, ಮೊಜರೆಲ್ಲಾ ಚೀಸ್, ತುಳಸಿ ಜಾತಿಯ ಎಲೆ. ಮರಿನಾರಾ ಅಂತ ಇದೆ, ಹೆಸರು ಕೇಳಿ ಮೀನು ಇರಬಹುದು ಅಂದುಕೊಳ್ಳಬೇಡಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಅಷ್ಟೇ. ಚೀಸ್ ಕೂಡ ಇಲ್ಲ. ಆದರೆ ಎಚ್ಚರ ಬೇಕಾದ್ದು ಬೇರೆ ಕಡೆ. ಕರಿದ ಪಿಜ್ಜಾದ ಒಳಗೆ ಹಂದಿಮಾಂಸದ ಚೂರು ಹಾಕುವುದು ವಾಡಿಕೆ. ಬಾದಾಮಿ, ಮೆಣಸು ಹಾಕಿದ ಕೋಡುಬಳೆಯಂಥ ತರಾಲ್ಲಿಯ ಹಿಟ್ಟಿಗೆ ಹಂದಿಕೊಬ್ಬು ಸೇರಿಸುತ್ತಾರೆ. ಪದರ ಪದರದ ಸ್ಫೊಲ್ಯಾತೆಲ್ಲಾ ಸಿಹಿಗೂ ಸಾಂಪ್ರದಾಯಿಕವಾಗಿ ಅದೇ ಕೊಬ್ಬು. ಕೇಳಿಯೇ ತಿನ್ನಿ. "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ, ಸೆನ್ಸಾ ಸ್ತ್ರುತ್ತೊ" ಅಂದರೆ ಮಾಂಸ, ಮೀನು, ಹಂದಿಕೊಬ್ಬು ಬೇಡ ಅಂತ.

ಮನೆಯಿಂದ ಚಕ್ಕುಲಿ, ಅವಲಕ್ಕಿ ಚೂಡಾ ತಂದುಕೊಳ್ಳಿ, ದಾರಿಗೆ ಆಗುತ್ತದೆ. ಧಾರವಾಡ ಪೇಡೆ, ಹಾಲಿನ ಸಿಹಿ ಬೇಡ. ಹೊರದೇಶದಿಂದ ಯುರೋಪಿನ ಒಳಗೆ ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಇನ್ನು ಕಾಫಿ. ಬಾರ್ ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ದರ, ಟೇಬಲ್‌ಗೆ ಕೂತರೆ ಇನ್ನೊಂದು. ನಿಂತು ಕುಡಿಯಿರಿ. ನಮ್ಮ ಹೋಟೆಲ್‌ಗಳಲ್ಲಿ ಬೈಟು ಕಾಫಿ ಕುಡಿದವರಿಗೆ ಅದೇನು ಕಷ್ಟ.

ಊಟವನ್ನು ಪೊಂಪೇ ಬಾಗಿಲ ಹೊರಗೆ ಮಾಡುವುದಕ್ಕಿಂತ ನೇಪಲ್ಸ್‌ಗೆ ವಾಪಸ್ ಬಂದು ಮಾಡುವುದು ಮೇಲು. ರುಚಿಯೂ ಚೆನ್ನ. ಅದಕ್ಕಿಂತ ಮುಖ್ಯ, ರೈಲಿನ ಚಿಂತೆ ಮುಗಿದಿರುತ್ತದೆ, ನೆಮ್ಮದಿಯಾಗಿ ತಿನ್ನಬಹುದು.

ಬೇಡ ಅನ್ನುವ ಜಾಗಗಳು

ಅಮಾಲ್ಫಿ ತೀರ, ಪೊಂಪೇ, ಸೊರೆಂಟೊ ಮೂರೂ ಒಂದೇ ದಿನ ಅಂತ ಮಾರುವ ಪ್ಯಾಕೇಜ್‌ಗಳಿವೆ. ಅಮಾಲ್ಫಿ ರಸ್ತೆ ಬೆಟ್ಟದ ಅಂಚಿನಲ್ಲಿ ಒಂದೇ ಒಂದು, ಇಕ್ಕಟ್ಟು. ಬೇಸಿಗೆಯಲ್ಲಿ ಜಾಮ್ ಆದರೆ ತಿರುಗಿ ಬರಲು ಬೇರೆ ದಾರಿಯೇ ಇಲ್ಲ. ಹಡಗು ಹಿಡಿಯಬೇಕಾದ ದಿನ ಸ್ವಂತವಾಗಿ ಅತ್ತ ಹೋಗಬೇಡಿ. ಕಾಪ್ರಿ ದ್ವೀಪಕ್ಕೆ ಟರ್ಮಿನಲ್ ಪಕ್ಕದ ಮೋಲೊ ಬೆವೆರೆಲ್ಲೊದಿಂದಲೇ ವೇಗದ ದೋಣಿ, ಐವತ್ತು ನಿಮಿಷ. ಚೆಂದದ ಜಾಗ. ಆದರೆ ಗಾಳಿ ಎದ್ದರೆ ದೋಣಿ ರದ್ದು, ದ್ವೀಪದಿಂದ ಟ್ಯಾಕ್ಸಿ ಹಿಡಿದು ಬರಲಾಗುವುದಿಲ್ಲವಲ್ಲ. ಸಮುದ್ರ ಶಾಂತವಿರುವ ದಿನ, ಬೆಳಗ್ಗೆ ಹೋಗಿ ಮಧ್ಯಾಹ್ನವೇ ಬರುವುದಾದರೆ ಸರಿ.

ಮುಷ್ಕರವೋ ಜಡಿಮಳೆಯೋ ಆದರೆ ಊರೊಳಗಿನ ಪುರಾತತ್ವ ಮ್ಯೂಸಿಯಂಗೆ ಹೋಗಿ. ಮಂಗಳವಾರ ರಜೆ, ನೆನಪಿರಲಿ. ಮುನಿಚಿಪಿಯೊದಿಂದ ಮೆಟ್ರೋದಲ್ಲಿ ಮೂರನೇ ನಿಲ್ದಾಣ, ಹೆಸರೇ ಮುಝೆಯೊ. ಮೆಟ್ರೋನೂ ನಿಂತಿದ್ದರೆ ನಡೆದು ಅರ್ಧ ಗಂಟೆ. ಪೊಂಪೇಯಲ್ಲಿ ಸಿಕ್ಕ ಒಳ್ಳೊಳ್ಳೆಯ ಚಿತ್ರ, ಮೊಸಾಯಿಕ್, ಕಂಚಿನ ಪ್ರತಿಮೆ ಬಹುಪಾಲು ಇಲ್ಲಿಗೇ ಬಂದಿವೆ. 1938ರಲ್ಲಿ ಪೊಂಪೇಯ ಒಂದು ಮನೆಯಲ್ಲಿ ಸಿಕ್ಕ ದಂತದ ಹೆಣ್ಣು ಪ್ರತಿಮೆಯೂ ಇದೇ ಸಂಗ್ರಹದಲ್ಲಿದೆ. ಸುಮಾರು ಒಂದು ಗೇಣು ಎತ್ತರ. ಮೈತುಂಬ ಒಡವೆ, ಅಕ್ಕಪಕ್ಕದಲ್ಲಿ ಪುಟ್ಟ ಸಖಿಯರು. ನೋಡಿದ ಕೂಡಲೇ ನಮ್ಮ ಕಡೆಯದು ಅಂತ ಗೊತ್ತಾಗುತ್ತದೆ. ಭಾರತದಲ್ಲೇ ಕೆತ್ತಿದ್ದು, ಜ್ವಾಲಾಮುಖಿ ಸಿಡಿಯುವ ಮುಂಚೆಯೇ ಕಡಲು ದಾಟಿ ಬಂದದ್ದು. ಅತ್ತ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತ್ತು. ಅದೂ ಅದೇ ಶತಮಾನದ್ದು. ಚಂದ್ರವಳ್ಳಿ ನೋಡಿದವರು ಈ ಪ್ರತಿಮೆ ಮುಂದೆ ಸುಮ್ನೆ ಹಾದುಹೋಗಲಾರರು.

ಏನಾದರೂ ಕೆಟ್ಟರೆ

ಪೊಂಪೇ ಸ್ಟೇಷನ್‌ನಲ್ಲಿ ಎರಡು ರೈಲು ಸಾಲಾಗಿ ಬರದಿದ್ದರೆ ಮೂರನೆಯದಕ್ಕೆ ಕಾಯಬೇಡಿ. ನೇಪಲ್ಸ್ ಬಂದರು 25 ಕಿಲೋಮೀಟರ್ ಆಸುಪಾಸು. ಟ್ಯಾಕ್ಸಿ ಹಿಡಿಯಿರಿ. ಹತ್ತುವ ಮುಂಚೆಯೇ ದರ ಮಾತಾಡಿ, ಕಾಗದದ ಮೇಲೆ ಬರೆಸಿ. ಪಕ್ಕದಲ್ಲೇ ಇನ್ನಾರಾದರೂ ಹಡಗಿನ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡು ನಿಂತಿರುತ್ತಾರೆ, ಅವರನ್ನೂ ಕೂರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಈ ಟ್ಯಾಕ್ಸಿ ದುಡ್ಡನ್ನು ಬೆಳಗ್ಗೆಯೇ ಬೇರೆ ಜೇಬಿನಲ್ಲಿ ಎತ್ತಿಡಿ. ಅದನ್ನು ಊಟಕ್ಕೋ ಮ್ಯಾಗ್ನೆಟ್‌ಗೋ ಮುಟ್ಟಬೇಡಿ.

ದಿನದ ಪತ್ರಿಕೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದನ್ನು ಫೋನಿನಲ್ಲೂ ಚೀಟಿಯಲ್ಲೂ ಎರಡೂ ಕಡೆ ಬರೆದಿಟ್ಟುಕೊಳ್ಳಿ. ತಡವಾಗುತ್ತದೆ ಅಂತ ಅನಿಸಿದ ಕ್ಷಣವೇ ಅವರಿಗೆ ಕರೆ ಮಾಡಿ, ಹಡಗು ಹೋದ ಮೇಲಲ್ಲ. ಹಡಗು ಹೊರಟೇಹೋದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹತ್ತಬೇಕು. ಆಗಲೂ ದಾರಿ ಹೇಳುವವರು ಅದೇ ಏಜೆಂಟರು. ಪೊಲೀಸ್, ಆಂಬುಲೆನ್ಸ್ ಬೇಕಾದರೆ 112. ದಿನಾ ನುಂಗುವ ಮಾತ್ರೆಗಳನ್ನು ಎರಡು ದಿನಕ್ಕೆ ಆಗುವಷ್ಟು ಚೀಲದಲ್ಲಿ ಹಾಕಿಕೊಂಡೇ ಇಳಿಯಿರಿ. ಬಿಪಿ, ಶುಗರ್ ಇದ್ದವರು ಇದನ್ನು ಮರೆಯಲೇಬಾರದು.

ಇಷ್ಟೆಲ್ಲ ಸರಿಯಾಗಿ ಹೋಗಿ 4:30ಕ್ಕೆ ಕೋಟೆ ಮುಂದೆ ನಿಂತಿರಿ ಅಂತಾದರೆ ಇನ್ನೂ ಒಂದು ಗಂಟೆ ನಿಮ್ಮ ಕೈಯಲ್ಲಿದೆ. ಅಲ್ಲಿಂದ ಐದು ನಿಮಿಷ ನಡೆದರೆ ಗಾಜಿನ ಗುಮ್ಮಟದ ಗ್ಯಾಲರಿಯಾ ಉಂಬೆರ್ತೊ, ಅದರಾಚೆ ಪಿಯಾಜ್ಜಾ ದೆಲ್ ಪ್ಲೆಬಿಷಿತೊ ಅನ್ನುವ ವಿಶಾಲ ಚೌಕ. ಅಲ್ಲಿಂದ ಟರ್ಮಿನಲ್‌ಗೆ ನಡಿಗೆ ಕಾಲು ಗಂಟೆ. 5:15ಕ್ಕೆ ಅಲ್ಲಿಂದ ಎದ್ದುಬಿಡಿ.